ನಡುವಿನ ಎರಡು ತುಂಡು ಮರೆತರೆ ಎರಡು ಗುಂಟೆ ಹೋಯ್ತು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮಗೆ ಮಧ್ಯಾಹ್ನದ ಊಟ ಇರೋದಿಲ್ಲ. ತಾಲೂಕಿಗೆ ಯಾರು ಮೊದಲು, ಯಾವ ಶಾಲೆಗೆ ನೂರಕ್ಕೆ ನೂರು, ಮಗಳಿಗೆ ಪೇಢೆ ತಿನ್ನಿಸುತ್ತಿರುವ ಅಪ್ಪ-ಅಮ್ಮನ ಫೋಟೊ, ಇಷ್ಟನ್ನೂ ಸಂಜೆಯೊಳಗೆ ಡೆಸ್ಕಿಗೆ ಕಳಿಸಬೇಕು. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ನಾಲ್ಕೂ ಶಿರಸಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಜಿಲ್ಲೆಗೆ ಎಷ್ಟನೇ ಸ್ಥಾನ ಅನ್ನೋದೇ ಅವತ್ತಿನ ತಲೆಬರಹ.

ಪೇಢೆ ತಿನ್ನದವರ ಸುದ್ದಿ ಯಾವ ಪೇಪರಿನಲ್ಲೂ ಬರೋದಿಲ್ಲ. ಆದರೆ ನಾವು ಹಳ್ಳಿ ಹಳ್ಳಿ ತಿರುಗುವವರು, ಅವರೂ ನಮಗೆ ಸಿಗುತ್ತಾರೆ. "ಎಲ್ಲಾ ಪಾಸ್, ಗಣಿತ ಒಂದೇ ಹೋತು" ಅನ್ನೋ ಮಾತನ್ನು ಬಸ್ ಸ್ಟ್ಯಾಂಡಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಗದ್ದೆಯ ಬದುವಿನ ಮೇಲೆ ಎಷ್ಟು ಸಲ ಕೇಳಿದ್ದೇವೋ ಲೆಕ್ಕ ಇಲ್ಲ. ಗಣಿತದಲ್ಲಿ ಏನು ಹೋಯ್ತು ಅಂತ ಕೇಳಿದರೆ ಅರ್ಧ ಮಕ್ಕಳು ಹೇಳೋದು ಒಂದೇ: "ಬ್ರಾಕೆಟ್."

ನಾವು ಗಣಿತದ ಮಾಸ್ತರರಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿ, ಸುದ್ದಿಗಿಷ್ಟು ಅಂತ ದುಡ್ಡು ಪಡೆಯುವ ಸ್ಟ್ರಿಂಗರ್. ಆದರೂ ಈ ಬ್ರಾಕೆಟ್ ಬಗ್ಗೆ ಇವತ್ತು ಬರೆಯುತ್ತಿದ್ದೇವೆ. ಯಾಕೆಂದರೆ ಇದು ಪರೀಕ್ಷೆಯ ಒಂದೆರಡು ಅಂಕದ ಮಾತಷ್ಟೇ ಅಲ್ಲ, ನಮ್ಮ ಅಂಗಳದ, ಜಮೀನಿನ ಮಾತೂ ಹೌದು.

ಜೋಯಿಡಾದ ಒಂದು ಅಂಗಳ

ಗೆಡ್ಡೆ-ಗೆಣಸಿನ ಬಗ್ಗೆ ಒಂದು ಲೇಖನ ಬರೆಯಲು ಜೋಯಿಡಾ ತಾಲೂಕಿನ ಒಳಗಿನ ಒಂದು ಕುಣಬಿ ಮನೆಗೆ ಹೋಗಿದ್ದೆವು. ಮೇ ತಿಂಗಳು. ಮನೆಯ ಹುಡುಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ-2ಕ್ಕೆ ಓದುತ್ತಾ ಕೂತಿದ್ದಳು. 2024ರಲ್ಲಿ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಶುರುವಾಗಿತ್ತಲ್ಲ, ಮೊದಲನೆಯದರಲ್ಲಿ ಅವಳಿಗೆ ಗಣಿತ ಒಂದೇ ಉಳಿದಿತ್ತು.

"ಏನು ತೊಡಕು ತಂಗಿ?" ಅಂದೆವು.

"ಅಕ್ಕಾ, ಹಿಂಗ ಬಿಡಿಸಿದರ ತಪ್ಪು ಅಂತಾರ್ರಿ. ಯಾಕ ತಪ್ಪು ಅಂತ ತಿಳಿವಲ್ದು" ಅಂತ ನೋಟ್‌ಬುಕ್ ಮುಂದೆ ಹಿಡಿದಳು.

ಪುಸ್ತಕದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಅಂತ ಬರೆಯುತ್ತಾರೆ. ಇಲ್ಲಿ ಅದರ ಬದಲು 'ಕ' ಅಂತ ಇಟ್ಟುಕೊಳ್ಳೋಣ. ಕಾಣದ ಅಳತೆ, ಹಾಗಾಗಿ ಕ. ಹುಡುಗಿ ಬರೆದದ್ದು ಹೀಗಿತ್ತು:

(ಕ + 3)² = ಕ² + 9

ನೋಡಲು ಚೆಂದ ಇದೆ. ಕ ಮೇಲೆ ವರ್ಗ ಹಾಕಿದಳು, 3ರ ಮೇಲೆ ವರ್ಗ ಹಾಕಿದಳು, ಕೂಡಿಸಿದಳು. ಇಡೀ ರಾಜ್ಯದಲ್ಲಿ, ಅಷ್ಟೇ ಯಾಕೆ ಇಡೀ ಜಗತ್ತಿನಲ್ಲಿ, ಮಕ್ಕಳು ಮಾಡುವುದು ಇದನ್ನೇ. ಸರಿ ಉತ್ತರ ಕ² + 6ಕ + 9. ನಡುವೆ 6ಕ ಎಲ್ಲಿಂದ ಬಂತು ಅನ್ನೋದೇ ಅವಳ ಪ್ರಶ್ನೆ.

ಸೂತ್ರ ಅವಳಿಗೆ ಬಾಯಿಪಾಠ ಇತ್ತು. 'ನಿತ್ಯಸಮೀಕರಣ' ಅನ್ನೋ ಶಬ್ದವನ್ನೂ ತಡವರಿಸದೆ ಹೇಳಿದಳು. ಆದರೆ ಆ ಮನೆಯ ಭಾಷೆ ಕೊಂಕಣಿ. ನಮ್ಮ ನಾಲ್ಕು ತಾಲೂಕುಗಳಲ್ಲಿ ಕುಣಬಿಯರ ಮನೆ, ಸಿದ್ದಿಯರ ಮನೆ, ಗೌಳಿಯರ ದಡ್ಡಿ, ಮುಂಡಗೋಡದ ಟಿಬೆಟನ್ ಕ್ಯಾಂಪ್, ಎಲ್ಲ ಕಡೆ ಒಲೆ ಮುಂದಿನ ಮಾತು ಒಂದು, ಶಾಲೆಯ ಮಾತು ಇನ್ನೊಂದು. ಕನ್ನಡವೇ ಎರಡನೇ ಭಾಷೆ ಆದವರಿಗೆ ನಿತ್ಯಸಮೀಕರಣ ಮೂರನೇ ಭಾಷೆ. ಬಾಯಿಗೆ ಬಂದದ್ದು ಕಣ್ಣಿಗೆ ಕಾಣಲಿಲ್ಲ, ಅಷ್ಟೇ.

ಗುಂಟೆಯೊಳಗೇ ಇದೆ ಬ್ರಾಕೆಟ್

ಒಲೆಯಿಂದ ಒಂದು ಇದ್ದಿಲು ತರಿಸಿ ಸಾರಿಸಿದ ಅಂಗಳದ ಮೇಲೆ ಚೌಕ ಹಾಕಿದೆವು. "ಒಂದು ಗುಂಟೆ ಅಂದರೆ ಎಷ್ಟು?" ಅಂತ ಕೇಳಿದ್ದಕ್ಕೆ ಒಳಗಿಂದ ಅವಳ ಅಪ್ಪನೇ ಉತ್ತರ ಕೊಟ್ಟರು. "ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲ."

ಹೌದು. 33 ಅಡಿಗೆ 33 ಅಡಿಯ ಚೌಕ ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. 33 ಗುಣಿಸು 33 ಎಷ್ಟು? ಫೋನು ಬೇಡ. 33 ಅನ್ನು 30 ಮತ್ತು 3 ಅಂತ ಒಡೆದುಕೊಳ್ಳಿ. ಉದ್ದದ ಬದಿಯಲ್ಲಿ 30 ಅಡಿಗೆ ಒಂದು ಗುರುತು, ಉಳಿದದ್ದು 3 ಅಡಿ. ಅಗಲದ ಬದಿಯಲ್ಲೂ ಹಾಗೇ. ಎರಡೂ ಗುರುತಿನಿಂದ ನೇರ ಗೆರೆ ಎಳೆಯಿರಿ. ಚೌಕದೊಳಗೆ ನಾಲ್ಕು ತುಂಡು ಆಯ್ತು.

ಒಂದು, ದೊಡ್ಡ ಚೌಕ: 30 × 30 = 900 ಚದರ ಅಡಿ.
ಎರಡು, ಬಲಕ್ಕೆ ಉದ್ದನೆಯ ಪಟ್ಟಿ: 30 × 3 = 90.
ಮೂರು, ಕೆಳಗೆ ಇನ್ನೊಂದು ಪಟ್ಟಿ: 3 × 30 = 90.
ನಾಲ್ಕು, ಮೂಲೆಯ ಚಿಕ್ಕ ಚೌಕ: 3 × 3 = 9.

ಕೂಡಿಸಿ. 900 + 90 + 90 + 9 = 1089. ಒಂದು ಗುಂಟೆಗೆ 1089 ಚದರ ಅಡಿ ಅಂತ ಸರ್ವೆಯವರು ಹೇಳುವ ಲೆಕ್ಕ ಇದೇ.

ಈಗ ಹುಡುಗಿಯ ಲೆಕ್ಕದಂತೆ 30ರ ವರ್ಗ, 3ರ ವರ್ಗ ಮಾತ್ರ ಕೂಡಿಸಿದರೆ? 900 + 9 = 909. 180 ಚದರ ಅಡಿ ಕಾಣೆ. ದೊಡ್ಡ ಚೌಕವನ್ನೂ ಮೂಲೆಯ ಚೌಕವನ್ನೂ ಎಣಿಸಿ, ಎರಡು ಪಟ್ಟಿಗಳನ್ನು ಬಿಟ್ಟರೆ ಹೀಗಾಗುತ್ತದೆ. ಒಂದೊಂದು ಗುಂಟೆಗೆ 180 ಅಡಿ ಹೋದರೆ ಎಕರೆಗೆ 7200 ಚದರ ಅಡಿ. ಅಂದರೆ ಆರೂವರೆ ಗುಂಟೆಗೂ ಹೆಚ್ಚು. ಅಷ್ಟು ಜಾಗ ಯಾರಾದರೂ ಒತ್ತಿಕೊಂಡರೆ ಊರಲ್ಲಿ ಪಂಚಾಯ್ತಿ ಸೇರುತ್ತದೆ.

30ರ ಜಾಗದಲ್ಲಿ ಈಗ ಕ ಇಡಿ. ಕಾಣದ ಅಳತೆ. ದೊಡ್ಡ ಚೌಕ ಕ², ಒಂದು ಪಟ್ಟಿ 3ಕ, ಇನ್ನೊಂದು ಪಟ್ಟಿ 3ಕ, ಮೂಲೆ 9.

(ಕ + 3)² = ಕ² + 3ಕ + 3ಕ + 9 = ಕ² + 6ಕ + 9

6ಕ ಆಕಾಶದಿಂದ ಬೀಳಲಿಲ್ಲ. ಅದು ಎರಡು ಪಟ್ಟಿ. ಹುಡುಗಿ ಇದ್ದಿಲಿನ ಗೆರೆಗಳನ್ನೇ ಸ್ವಲ್ಪ ಹೊತ್ತು ನೋಡಿ, "ಅಯ್ಯ, ಇಷ್ಟೇನಾ" ಅಂದಳು.

ಅಪ್ಪ ತಂದ ಜೆರಾಕ್ಸ್

ಅಷ್ಟರಲ್ಲಿ ಅವಳ ಅಪ್ಪ ಒಳಗಿಂದ ಪ್ಲಾಸ್ಟಿಕ್ ಚೀಲದಲ್ಲಿಟ್ಟ ಕಾಗದ ತಂದರು. ಅರಣ್ಯ ಹಕ್ಕಿನ ಅರ್ಜಿಗೆಂದು ಮಾಡಿಸಿಕೊಂಡ ನಕಾಶೆಯ ಜೆರಾಕ್ಸ್. "ಮೇಡಂ, ಇದನ್ನೂ ಒಂಚೂರು ನೋಡ್ರಿ. ಮನಿ, ಅಂಗಳ, ಹಿತ್ತಲ ಸೇರಿ ಬರೆಸೇವಿ" ಅಂದರು.

ಜೋಯಿಡಾದಲ್ಲಿ ಇಂಥ ಕಾಗದಕ್ಕೆ ಎಷ್ಟು ತೂಕ ಅಂತ ಈ ಭಾಗದವರಿಗೆ ಹೇಳಬೇಕಿಲ್ಲ. ಅಣೆಕಟ್ಟಿನ ನೀರಲ್ಲಿ ಹಳೆಯ ಸೂಪಾ ಊರೇ ಮುಳುಗಿದ ತಾಲೂಕು ಇದು. ಉಳಿದದ್ದರಲ್ಲಿ ಬಹುಪಾಲು ಕಾಡು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದೇವೆ ಅಂತ ತೋರಿಸಬೇಕು. ದಾಖಲೆ ಹುಡುಕುವುದರಲ್ಲೇ ಅರ್ಧ ಆಯುಷ್ಯ ಹೋಗುತ್ತದೆ. ಅಳತೆ ಸರಿ ಇದೆಯೋ ಅಂತ ನೋಡಲು ಯಾರಿಗೆ ಪುರುಸೊತ್ತು?

ನಕಾಶೆಯಲ್ಲಿ ಉದ್ದ 66 ಅಡಿ, ಅಗಲ 66 ಅಡಿ ಅಂತ ಇತ್ತು. ಕೆಳಗೆ ಕ್ಷೇತ್ರ: 2 ಗುಂಟೆ.

ಅರ್ಜಿ ಬರೆದುಕೊಟ್ಟವರು ಯಾರೋ. 33 ಅಡಿಗೆ ಒಂದು ಗುಂಟೆ, 66 ಅಡಿಗೆ ಎರಡು ಗುಂಟೆ ಅಂತ ಬರೆದಿದ್ದರು. ಕೇಳಲು ಸರಿ ಅನ್ನಿಸುತ್ತದೆ. ಮನೆಯವರಿಗೂ ಸರಿ ಅನ್ನಿಸಿತ್ತು.

ನಾವು ಏನೂ ಹೇಳಲಿಲ್ಲ. ಹುಡುಗಿ ಇದ್ದಿಲು ತಗೊಂಡಳು. ಅಂಗಳದ ಇನ್ನೊಂದು ಬದಿಗೆ ಹೊಸ ಚೌಕ ಹಾಕಿ, ಎರಡೂ ಬದಿಯನ್ನು 33 ಮತ್ತು 33 ಅಂತ ಒಡೆದಳು. ಗೆರೆ ಎಳೆದಳು. ಒಂದೊಂದೂ ಪೂರ್ತಿ ಗುಂಟೆಯ ಚೌಕ, ಅಂಥವು ನಾಲ್ಕು. ಅವಳು ಅಪ್ಪನಿಗೆ ಕೊಂಕಣಿಯಲ್ಲೇ ಹೇಳಿದಳು, ನಮ್ಮದು ಎರಡಲ್ಲ, ನಾಲ್ಕು ಗುಂಟೆ ಅಂತ. ಅವರು ನಂಬಲಿಲ್ಲ. ಎದ್ದು ಬಂದು ಬೆರಳಿಟ್ಟು ಒಂದೊಂದೇ ಚೌಕ ಎಣಿಸಿದರು. ಆಮೇಲೆ ಕಾಗದವನ್ನೂ ಎಣಿಸುವವರಂತೆ ಮತ್ತೆ ಮತ್ತೆ ನೋಡಿದರು.

(33 + 33)² ಬಿಡಿಸುವಾಗ ಮೊದಲ ಚೌಕ, ಕೊನೆಯ ಚೌಕ ಎರಡನ್ನೇ ಎಣಿಸಿದರೆ ಸಿಗುವುದು ಸರಿಯಾಗಿ ಎರಡು ಗುಂಟೆ. ಬಿಟ್ಟುಹೋದ ನಡುವಿನ ಎರಡು ತುಂಡು ಇನ್ನೆರಡು ಗುಂಟೆ, 2178 ಚದರ ಅಡಿ. ಪರೀಕ್ಷೆಯಲ್ಲಿ ಒಂದು ಅಂಕ ಕಳೆಯುವ ತಪ್ಪು, ನಕಾಶೆಯಲ್ಲಿ ಅರ್ಧ ಮನೆಯನ್ನು ಕಳೆದಿತ್ತು.

ಅರ್ಜಿಗಳನ್ನು ಮೊದಲು ಪರಿಶೀಲಿಸುವುದು ಊರಿನ ಅರಣ್ಯ ಹಕ್ಕು ಸಮಿತಿ, ಆಮೇಲೆ ಗ್ರಾಮಸಭೆ. ಹಾಗಾಗಿ ತಿದ್ದಿದ ನಕಾಶೆಯನ್ನು ಸಮಿತಿಯ ಮುಂದೆ ಇಡಲು ಹೇಳಿ ಬಂದೆವು. ಅಪ್ಪ ಇಟ್ಟೂ ಇದ್ದಾರೆ. ಅರ್ಜಿ ಇನ್ನೂ ತೀರ್ಮಾನ ಆಗಿಲ್ಲ. ಆದರೆ ಕಾಗದದಲ್ಲಿ ಈಗ 4 ಗುಂಟೆ ಅಂತ ಇದೆ.

ಬೀಗರ ಭೇಟಿ

ಎರಡೂ ಬದಿ ಒಂದೇ ಅಳತೆ ಇರಲೇಬೇಕು ಅಂತಿಲ್ಲ. ಕ ಅಡಿಯ ಚೌಕ ಜಾಗಕ್ಕೆ ಒಂದು ಕಡೆ 5 ಅಡಿ, ಇನ್ನೊಂದು ಕಡೆ 2 ಅಡಿ ಸೇರಿಸಿದರೆ (ಕ + 5)(ಕ + 2). ಇದನ್ನು ಬಿಡಿಸಲು ಒಂದು ಹಳ್ಳಿಯ ನಿಯಮ ಸಾಕು. ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯಿಂದ ಇಬ್ಬರು ಬಂದಿದ್ದಾರೆ, ಹೆಣ್ಣಿನ ಕಡೆ ಇಬ್ಬರು ಇದ್ದಾರೆ. ಆ ಕಡೆಯ ಪ್ರತಿಯೊಬ್ಬರೂ ಈ ಕಡೆಯ ಪ್ರತಿಯೊಬ್ಬರಿಗೂ ನಮಸ್ಕಾರ ಮಾಡಬೇಕು. ಒಟ್ಟು ನಾಲ್ಕು ನಮಸ್ಕಾರ. ಒಬ್ಬರನ್ನು ಬಿಟ್ಟರೂ ಬೀಗತನ ಕೆಡುತ್ತದೆ.

ಕ ಮತ್ತು ಕ: ಕ². ಕ ಮತ್ತು 2: 2ಕ. 5 ಮತ್ತು ಕ: 5ಕ. 5 ಮತ್ತು 2: 10.

ಒಟ್ಟು ಕ² + 7ಕ + 10. ನಡುವಿನ 7 ಅಂದರೆ 5 ಮತ್ತು 2ರ ಮೊತ್ತ, ಕೊನೆಯ 10 ಅವುಗಳ ಗುಣಲಬ್ಧ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಉತ್ತರ ಸರಿಯೋ ತಪ್ಪೋ ಅಂತ ಪರೀಕ್ಷಾ ಕೋಣೆಯಲ್ಲೇ ನೋಡಿಕೊಳ್ಳಬಹುದು. ಕ ಜಾಗದಲ್ಲಿ 1 ಇಡಿ. ಬ್ರಾಕೆಟ್‌ನಲ್ಲಿ 6 × 3 = 18. ಬಿಡಿಸಿದ್ದರಲ್ಲಿ 1 + 7 + 10 = 18. ತಾಳೆ ಆಯ್ತು. ಹುಡುಗಿಯ ಮೊದಲ ಉತ್ತರಕ್ಕೆ ಇದನ್ನೇ ಮಾಡಿದರೆ ಒಂದು ಕಡೆ 16, ಇನ್ನೊಂದು ಕಡೆ 10. ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ. ಆದರೆ 1ರ ಬದಲು 0 ಇಡಬೇಡಿ. 0 ಇಟ್ಟರೆ ನಡುವಿನ ತುಂಡು ತಾನೇ ಮಾಯವಾಗಿ, ತಪ್ಪು ಉತ್ತರವೂ ಸರಿ ಅಂತ ಕಾಣುತ್ತದೆ.

ರಸ್ತೆಗೆ ಹೋದ ಮೂರು ಅಡಿ

ಮೈನಸ್ ಬಂದರೆ ಇನ್ನಷ್ಟು ಮಕ್ಕಳು ಪೆನ್ನು ಕೆಳಗಿಡುತ್ತಾರೆ. ಇದನ್ನೂ ಜಾಗದಲ್ಲೇ ನೋಡೋಣ. ಮೂಲೆಯ ಸೈಟು, 30 ಅಡಿಗೆ 30 ಅಡಿ. ಎರಡು ಬದಿಗೂ ರಸ್ತೆ. ರಸ್ತೆ ಅಗಲ ಮಾಡುವಾಗ ಎರಡೂ ಬದಿಯಲ್ಲಿ 3 ಅಡಿ ಹೋಯ್ತು. ಉಳಿದದ್ದು ಎಷ್ಟು?

900ರಲ್ಲಿ ಒಂದು ಬದಿಯ ಪಟ್ಟಿ ಕಳೆಯಿರಿ, 90. ಇನ್ನೊಂದು ಬದಿಯ ಪಟ್ಟಿ ಕಳೆಯಿರಿ, 90. ಉಳಿದದ್ದು 720. ಆದರೆ ನಿಜವಾಗಿ 27 × 27 ಅಂದರೆ 729. ಒಂಬತ್ತು ಅಡಿ ವ್ಯತ್ಯಾಸ ಯಾಕೆ? ಎರಡು ಪಟ್ಟಿಗಳು ಸೇರುವ ಮೂಲೆಯನ್ನು ನಾವು ಎರಡು ಸಲ ಕಳೆದಿದ್ದೇವೆ. ಹೋದದ್ದು ಒಂದೇ ಸಲ. ಹೆಚ್ಚಾಗಿ ಕಳೆದ 9 ಅನ್ನು ವಾಪಸ್ ಕೊಡಬೇಕು.

(ಕ − 3)² = ಕ² − 6ಕ + 9

ಕೊನೆಯಲ್ಲಿ ಪ್ಲಸ್ 9 ಯಾಕೆ ಅನ್ನೋದಕ್ಕೆ "ಮೈನಸ್ ಮೈನಸ್ ಪ್ಲಸ್" ಅನ್ನುವುದಕ್ಕಿಂತ ಈ ಮೂಲೆ ಹೆಚ್ಚು ನೆನಪಿರುತ್ತದೆ. ಪರಿಹಾರದ ಲೆಕ್ಕ ಹಾಕುವಾಗಲೂ ಈ ಮೂಲೆ ನೆನಪಿರಲಿ.

ಇನ್ನೊಂದು ಇದೆ. ಪಕ್ಕದ ಜಮೀನಿನವರು ಬಂದು, "ಈ ಕಡೆ ಮೂರಡಿ ನಿಮಗ ಬಿಡ್ತೀನಿ, ಆ ಕಡೆ ಮೂರಡಿ ನನಗ ಬಿಡ್ರಿ, ಲೆಕ್ಕ ಸಮ" ಅನ್ನುತ್ತಾರೆ. 30ಕ್ಕೆ 30 ಇದ್ದ ಜಾಗ 33ಕ್ಕೆ 27 ಆಗುತ್ತದೆ. ಬೇಲಿ ಅಳೆದರೆ ಮೊದಲೂ 120 ಅಡಿ, ಈಗಲೂ 120 ಅಡಿ. ಸಮ ಅಂತಲೇ ಕಾಣುತ್ತದೆ. ಆದರೆ ಬ್ರಾಕೆಟ್ ಬಿಡಿಸಿ ನೋಡಿ.

(ಕ + 3)(ಕ − 3) = ಕ² − 3ಕ + 3ಕ − 9 = ಕ² − 9

ಇಲ್ಲಿ ಮಾತ್ರ ನಡುವಿನ ಎರಡು ತುಂಡು ಒಂದನ್ನೊಂದು ತಿಂದು ಹೋಗುತ್ತವೆ. ಉಳಿದದ್ದು 891, ಒಂಬತ್ತು ಅಡಿ ಕಡಿಮೆ. ಮೂರರ ಬದಲು ಹತ್ತು ಅಡಿ ಆದರೆ 40ಕ್ಕೆ 20, ಬೇಲಿ ಅದೇ 120, ಜಾಗ ಮಾತ್ರ 800. ನೂರು ಅಡಿ ಹೋಯ್ತು. ಬೇಲಿ ಸಮ ಇದ್ದರೆ ಜಾಗವೂ ಸಮ ಅಂತ ಯಾರಾದರೂ ಹೇಳಿದರೆ ಸಹಿ ಹಾಕುವ ಮೊದಲು ಗುಣಿಸಿ ನೋಡಿ.

ಇದು ಪರದೇಶದಿಂದ ಬಂದ ವಿದ್ಯೆಯಾ?

ಎಕ್ಸ್, ವೈ ನೋಡಿ ಇದೆಲ್ಲ ಇಂಗ್ಲಿಷ್‌ನವರದು ಅಂದುಕೊಳ್ಳುವವರಿದ್ದಾರೆ. ಗ್ರೀಕರ ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆ ನಾಲ್ಕು ತುಂಡಿನ ಇದೇ ಚೌಕವನ್ನು ತನ್ನ ಗ್ರಂಥದಲ್ಲಿ ಇಟ್ಟಿದ್ದ, ನಿಜ. ಆದರೆ ನಮ್ಮಲ್ಲೂ ಇದು ಹಳೆಯದು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಗಣಿತದ ಗ್ರಂಥಗಳನ್ನು ರಚಿಸಿದ.

ಭಾಸ್ಕರಾಚಾರ್ಯ 1150ರಲ್ಲಿ ಮುಗಿಸಿದ ಗ್ರಂಥದ 'ಲೀಲಾವತಿ' ಭಾಗದಲ್ಲಿ ವರ್ಗ ಮಾಡುವ ವಿಧಾನ ಹೇಳುವಾಗ, ಸಂಖ್ಯೆಯನ್ನು ಎರಡು ತುಂಡು ಮಾಡಿ, ತುಂಡುಗಳ ಗುಣಲಬ್ಧವನ್ನು ಎರಡರಿಂದ ಗುಣಿಸಿ, ಅದಕ್ಕೆ ತುಂಡುಗಳ ವರ್ಗ ಕೂಡಿಸು ಅನ್ನುತ್ತಾನೆ. ಗಮನಿಸಿ, ನಾವು ಮರೆಯುವ ನಡುವಿನ ತುಂಡನ್ನೇ ಅವನು ಮೊದಲು ಹೇಳಿದ್ದಾನೆ. ಉದಾಹರಣೆಗೆ ಅವನು ಕೇಳುವ ಸಂಖ್ಯೆಗಳಲ್ಲಿ ಒಂದು 297. ಅದನ್ನು ನೇರವಾಗಿ ಹೇಳದೆ ಮುನ್ನೂರಕ್ಕೆ ಮೂರು ಕಡಿಮೆ ಅನ್ನುತ್ತಾನೆ. ಪ್ರಶ್ನೆಯಲ್ಲೇ ಬ್ರಾಕೆಟ್ ಇಟ್ಟಿದ್ದಾನೆ. 90000 − 1800 + 9 = 88209.

ಗೊತ್ತಿಲ್ಲದ ಸಂಖ್ಯೆಗಳಿಗೆ ಅವನ 'ಬೀಜಗಣಿತ'ದಲ್ಲಿ ಬಣ್ಣದ ಹೆಸರುಗಳಿವೆ. ಕಾಲಕ ಅಂದರೆ ಕಪ್ಪು, ನೀಲಕ ಅಂದರೆ ನೀಲಿ. ಬರೆಯುವಾಗ ಮೊದಲ ಅಕ್ಷರ ಸಾಕು, ಕಾ, ನೀ. ನಾವು ಇಲ್ಲಿ 'ಕ' ಇಟ್ಟದ್ದು ಹೊಸ ಆಟವೇನಲ್ಲ.

ಬಿಡಿಸಿದ್ದನ್ನು ಮತ್ತೆ ಕಟ್ಟುವುದು

ಬ್ರಾಕೆಟ್ ಬಿಡಿಸುವುದನ್ನು ಎಂಟು-ಒಂಬತ್ತನೇ ತರಗತಿಯಲ್ಲೇ ಹೇಳಿಕೊಡುತ್ತಾರೆ. ಹತ್ತನೇ ತರಗತಿಯ ವರ್ಗ ಸಮೀಕರಣ ಅದರ ಉಲ್ಟಾ ದಾರಿ. ಪಾಠದ ಆರಂಭದಲ್ಲೇ ಒಂದು ಪ್ರಾರ್ಥನಾ ಮಂದಿರದ ಲೆಕ್ಕ ಇದೆ. ನೆಲ 300 ಚದರ ಮೀಟರ್ ಇರಬೇಕು, ಉದ್ದ ಅಗಲದ ಎರಡರಷ್ಟಕ್ಕಿಂತ 1 ಮೀಟರ್ ಹೆಚ್ಚು. ಅಗಲ ಕ ಆದರೆ ಉದ್ದ 2ಕ + 1. ಕ(2ಕ + 1) = 300, ಬಿಡಿಸಿದರೆ 2ಕ² + ಕ − 300 = 0. ಉತ್ತರ 12 ಮೀಟರ್ ಅಗಲ, 25 ಮೀಟರ್ ಉದ್ದ. ಗುಣಿಸಿ ನೋಡಿ, 300 ಬರುತ್ತದೆ.

ಇಲ್ಲಿ ಬ್ರಾಕೆಟ್ ತಪ್ಪಿದರೆ ಮೊದಲ ಸಾಲಿನಲ್ಲೇ ಸಮೀಕರಣ ತಪ್ಪುತ್ತದೆ. ಮುಂದಿನ ಎಲ್ಲ ಹೆಜ್ಜೆ ಸರಿ ಇದ್ದರೂ ಊರು ಮುಟ್ಟುವುದಿಲ್ಲ. ಉಲ್ಟಾ ಹೋಗುವಾಗ, ಕ² + 7ಕ + 10 ಕೊಟ್ಟರೆ, ಕೂಡಿಸಿದರೆ 7, ಗುಣಿಸಿದರೆ 10 ಬರುವ ಎರಡು ಸಂಖ್ಯೆ ಯಾವುವು ಅಂತ ಹುಡುಕಬೇಕು. 5 ಮತ್ತು 2. ಬೀಗರ ಭೇಟಿ ಅರ್ಥ ಆದವರಿಗೆ ಇದು ಒಗಟು ಬಿಡಿಸಿದಷ್ಟೇ.

ಜೋಯಿಡಾದ ಹುಡುಗಿ ಪರೀಕ್ಷೆ-2ರಲ್ಲಿ ಪಾಸಾದಳು. ಅಂಕ ಎಷ್ಟು ಅಂತ ನಾವೂ ಕೇಳಲಿಲ್ಲ. ಈಗ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗುತ್ತಾಳೆ. ಅವಳ ವಾಡೆಯಲ್ಲಿ ಜಾಗದ ಕಾಗದ ಇರುವವರು ಸಂಜೆ ಹೊತ್ತು ಅವಳನ್ನು ಕರೆದು ಅಳತೆ ತೋರಿಸುತ್ತಾರಂತೆ.

ನಿಮ್ಮ ಮನೆಯಲ್ಲೂ ಹತ್ತನೇ ತರಗತಿಯ ಮಗು ಇದ್ದರೆ ಇವತ್ತು ಸಂಜೆ ಒಂದು ಕೆಲಸ ಮಾಡಿ. ಟೇಪು ಇಲ್ಲದಿದ್ದರೆ ಹಗ್ಗ ಸಾಕು. ಅಂಗಳದ ಎರಡು ಬದಿ ಅಳೆಯಿರಿ. 24 ಅಡಿ ಬಂದರೆ 20 + 4, 18 ಬಂದರೆ 20 − 2 ಅಂತ ಒಡೆಯಿರಿ. ನಾಲ್ಕು ತುಂಡು ಎಳೆದು ಮಗುವೇ ಕೂಡಿಸಲಿ. ಆಮೇಲೆ ಪುಸ್ತಕಕ್ಕೆ ಬನ್ನಿ: (2ಕ + 3)(ಕ + 4). ನಾಲ್ಕು ನಮಸ್ಕಾರ ಮುಗಿದ ಮೇಲೆ 2ಕ² + 11ಕ + 12 ಬಂದಿರಬೇಕು. ಕ ಜಾಗದಲ್ಲಿ 1 ಇಟ್ಟರೆ ಎರಡೂ ಕಡೆ 25. ಹಾಗೇ ಮನೆಯ ಪತ್ರದಲ್ಲಿ ಬರೆದ ಗುಂಟೆಯನ್ನೂ ಒಮ್ಮೆ ತಾಳೆ ನೋಡಿಕೊಳ್ಳಿ.